ಅರ್ಧ ಅಂಕಿಯ ಹೊಳೆ

ನನ್ನ ಮೊಮ್ಮಗನ ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದು ಊರವರು ಕೇಳಿದರೆ ನಾನು "ಅಂಕಿ ಸಣ್ಣವು ಮಾಡ್ತಾಳ" ಎನ್ನುತ್ತೇನೆ. ಕೇಳಿದವರು ಬ್ಯಾಂಕಿನ ಕೆಲಸ ಎಂದು ತಿಳಿದು ಸುಮ್ಮನಾಗುತ್ತಾರೆ. ಬ್ಯಾಂಕಿನ ಕೆಲಸ ಅಲ್ಲ. ಆದರೆ ಬಂದವರಿಗೆಲ್ಲ ಬಿಡಿಸಿ ಹೇಳುತ್ತ ಕೂಡಲು ನನಗೆ ಬೇರೆ ಉದ್ಯೋಗ ಇಲ್ಲವೇನು? ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಪೂರ್ತಿ ಅಲ್ಲ. ಅವಳ ಕೆಲಸ ನನ್ನ ತಲೆಗೆ ಹೋಗುವುದಕ್ಕೇ ಒಂದು ಬೇಸಿಗೆ ಹಿಡಿಯಿತು.

ಅವಳ ತವರು ನಿಪ್ಪಾಣಿ ಕಡೆ. ಮದುವೆಯ ಮಾತು ಆಡುವಾಗ ಅವಳ ಅಪ್ಪ ಬಂಗಾರ ಕೇಳಲಿಲ್ಲ, ಹೊಲ ಕೇಳಲಿಲ್ಲ. "ಹುಡುಗಿ ನೌಕರಿ ಬಿಡೂದಿಲ್ರಿ" ಎಂದ. ನಾವು ಹೂಂ ಎಂದೆವು. ನೌಕರಿ ಎಂದರೆ ದಿನಾ ಬಸ್ಸು ಹತ್ತಿ ಹೋಗುವುದು ಎಂದುಕೊಂಡಿದ್ದೆ. ಅವಳು ಬಂದದ್ದು ಒಂದು ಕಂಪ್ಯೂಟರಿನ ಜೊತೆ. ಮಾಳಿಗೆ ಮೇಲೆ ಕೂತು, ಬಾಗಿಲು ಹಾಕಿಕೊಂಡು, ದೂರದ ಕಂಪನಿಯವರೊಡನೆ ಮಾತಾಡುತ್ತ ಕೆಲಸ ಮಾಡುತ್ತಾಳೆ.

ಆದರೆ ಆ ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಪರೀಕ್ಷೆಯ ಮೇಲೆ ಇಟ್ಟುಕೊಂಡಿದ್ದರು. ಕೆಲಸ ಪಸಂದಾದರೆ ಕಾಯಂ, ಆಗ ಇಲ್ಲೇ ಅಥಣಿ ತಾಲೂಕಿನ ನಮ್ಮ ಹಳ್ಳಿಯಲ್ಲೇ ಕೂತು ಮಾಡಬಹುದು. ಪಸಂದಾಗದಿದ್ದರೆ ಬೇರೆ ನೌಕರಿ ಹುಡುಕಬೇಕು. ಬೇರೆಯವರು ಮನೆಯಲ್ಲಿ ಕೂಡಲು ಬಿಡುವುದಿಲ್ಲವಂತೆ, ಪುಣೆಗೆ ಹೋಗಿ ಆಫೀಸಿನಲ್ಲಿ ಕೂಡಬೇಕು. ಮೊಮ್ಮಗ ಹೋಗುವವನಲ್ಲ. ಅವನಿಗೆ ದ್ರಾಕ್ಷಿ ತೋಟ ಇದೆ, ಒಣದ್ರಾಕ್ಷಿಯ ಶೆಡ್ಡು ಇದೆ. ಗಂಡ ಇಲ್ಲಿ, ಹೆಂಡತಿ ಅಲ್ಲಿ. ಇಬ್ಬರೂ ಈ ಮಾತನ್ನು ಮಾಳಿಗೆ ಮೆಟ್ಟಿಲ ಮೇಲೆ ಕೂತು ಆಡುತ್ತಿದ್ದರು, ಮುದುಕಿಗೆ ಕಿವಿ ಕೇಳುವುದಿಲ್ಲ ಎಂದುಕೊಂಡು. ನನ್ನ ಕಣ್ಣು ಮಂದಾಗಿದೆ, ಕಿವಿ ಆಗಿಲ್ಲ.

ಒಂದು ಮಧ್ಯಾಹ್ನ ಅವಳು ಊಟಕ್ಕೆ ಇಳಿದು ಬಂದಾಗ ಕೇಳಿಯೇ ಬಿಟ್ಟೆ.

"ದಿನಾ ಅದರಾಗ ಮುಖಾ ಹಾಕ್ಕೊಂಡ ಏನ ಮಾಡ್ತಿ ಬೇ?"

"ಆಯಿ, ಫೋನಿನ್ಯಾಗ ಆಟದ ಚಿತ್ರಾ ಬರ್ತಾವಲ್ರಿ? ಆ ಚಿತ್ರಾ ಅಂದ್ರ ಬರೇ ಸಣ್ಣ ಸಣ್ಣ ಚುಕ್ಕಿ. ಒಂದೊಂದ ಚುಕ್ಕಿಗೂ ಯಾ ಬಣ್ಣಾ ಅಂತ ಫೋನಿನ ಚಿಪ್ಪು ಲೆಕ್ಕಾ ಹಾಕಬೇಕು. ಹೆಂಗ ಲೆಕ್ಕಾ ಹಾಕೂದು ಅಂತ ಆಟಾ ಮಾಡಾವರು ಬರದ ಕೊಟ್ಟಿರ್ತಾರ. ಅದಕ್ಕ ಶೇಡರ್ ಅಂತಾರ. ಆದ್ರ ಚಿಪ್ಪಿಗೆ ಅವರ ಭಾಷಾ ತಿಳಿಯೂದಿಲ್ಲ. ನಡಕ ಒಬ್ಬ ದುಭಾಷಿ ಬೇಕು. ಆ ದುಭಾಷಿಗೆ ಕಂಪೈಲರ್ ಅಂತಾರ. ನಾ ಅದಕ್ಕ ಶಾಣ್ಯಾತನಾ ಕಲಸಾಕತ್ತೇನಿ."

"ಏನ ಶಾಣ್ಯಾತನಾ?"

"ಯಾ ಅಂಕಿ ಪೂರಾ ಇಡಬೇಕು, ಯಾ ಅಂಕಿ ಅರ್ಧಾ ಮಾಡಿದ್ರೂ ನಡೀತೈತಿ ಅನ್ನೂದು."

ರೊಟ್ಟಿ ಮುರಿಯುತ್ತಲೇ ಹೇಳಿದಳು. ಒಂದೊಂದು ಅಂಕಿ ಇಡುವುದಕ್ಕೂ ಚಿಪ್ಪಿನೊಳಗೆ ಮೂವತ್ತೆರಡು ಮನೆ ಬೇಕಂತೆ. ಹದಿನಾರರಲ್ಲಿ ಮುಗಿಸಿದರೆ ಒಂದರ ಹೊತ್ತಿನಲ್ಲಿ ಎರಡು ಲೆಕ್ಕ ಆಗುತ್ತವೆ, ಬ್ಯಾಟರಿ ಕಡಿಮೆ ತಿನ್ನುತ್ತದೆ, ನಮ್ಮಂಥವರ ಕೈಯಲ್ಲಿರುವ ಅಗ್ಗದ ಫೋನಿನಲ್ಲೂ ಆಟ ಓಡುತ್ತದೆ. ಆದರೆ ಮನೆ ಕಡಿಮೆಯಾದರೆ ಅಂಕಿಯ ಸೂಕ್ಷ್ಮ ಹೋಗುತ್ತದೆ.

"ಒಂದ ತಕ್ಕಡಿ ಐತಿ ಅಂತ ತಿಳೀರಿ. ಸಣ್ಣದು ಇಟ್ರ ಗುಂಜಿ ತನಾ ತೋರಸ್ತೈತಿ. ದೊಡ್ಡದು ಇಟ್ರ ಬರೇ ಕಿಲೋ ತೋರಸ್ತೈತಿ. ಮೂಗುತಿ ಒಂದ ಇಟ್ರ ಬರೊಬ್ಬರಿ ತೂಕಾ ಸಿಗತೈತಿ. ಕಬ್ಬಿನ ಗಾಡಿ ಹೇರಿ, ಅದರ ಮ್ಯಾಲ ಮೂಗುತಿ ಇಟ್ರ?"

"ಮೂಗುತಿ ಮಾಯ."

"ಹಾಂ. ಅರ್ಧಾ ಅಂಕಿ ಅಂದ್ರ ಅಂಥಾ ತಕ್ಕಡಿ."

"ಹಂಗಾದ್ರ ಅದು ಮೋಸದ ತಕ್ಕಡಿ."

"ಮೋಸಲ್ರೀ ಆಯಿ. ಗಾಡಿ ತೂಗುವಾಗ ಮೂಗುತಿ ಲೆಕ್ಕಾ ಯಾರ ಕೇಳ್ತಾರ? ಬಣ್ಣಕ್ಕ ಅರ್ಧಾ ಸಾಕು, ಮನಷಾರ ಕಣ್ಣಿಗೆ ಫರಕ್ ಕಾಣೂದಿಲ್ಲ. ದೂರದ ಗುಡ್ಡಾ ಎಲ್ಲಿ ನಿಂತೈತಿ ಅನ್ನೂದಕ್ಕ ಪೂರಾ ಬೇಕು, ಇಲ್ಲಂದ್ರ ಗುಡ್ಡಾ ನಡಗತೈತಿ. ಯಾವದಕ್ಕ ಯಾವದು ಅನ್ನೂದನ್ನ ಆ ದುಭಾಷಿ ತಾನ ತಿಳಕೊಂಡ ಮಾಡಬೇಕು. ಅದನ್ನ ನಾ ಬರ್ಯಾಕತ್ತೇನಿ."

ಅಷ್ಟು ತಿಳಿಯಿತು. ಹುಡುಗಿ ಹೇಳುವ ರೀತಿ ಚಲೋ ಇತ್ತು. ಆದರೆ ಅದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ನನಗಿಲ್ಲ. "ಪಲ್ಯಾ ಹಾಕ್ಕೋ" ಎಂದೆ.

ಬೇಸಿಗೆ ಏರುವ ಹೊತ್ತಿಗೆ ಅವಳ ಕೆಲಸ ಒಂದು ಹಂತಕ್ಕೆ ಬಂತು. ಪೂರಾ ಅಂಕಿಯ ಚಿತ್ರ, ಅರ್ಧ ಅಂಕಿಯ ಚಿತ್ರ, ಎರಡನ್ನೂ ಕಂಪ್ಯೂಟರ್ ಹೋಲಿಸಿ ನೋಡುತ್ತಿತ್ತಂತೆ. ಆದರೆ ಅದು ಕೂದಲೆಳೆಯಷ್ಟು ಫರಕ್ ಇದ್ದರೂ ಬೊಬ್ಬೆ ಹಾಕುತ್ತದೆ. ಮನುಷ್ಯರಿಗೆ ಕಾಣುವ ಫರಕ್ ಯಾವುದು, ಕಾಣದ್ದು ಯಾವುದು ಎಂದು ಅದಕ್ಕೆ ತಿಳಿಯುವುದಿಲ್ಲ. ಅದಕ್ಕೆ ಮನುಷ್ಯರ ಕಣ್ಣೇ ಬೇಕು. ಅವಳ ಮೇಲಿನವಳು, ಇವಳು ಮ್ಯಾಡಮ್ ಎನ್ನುತ್ತಾಳೆ, ಹತ್ತಾರು ಜನರಿಗೆ ತೋರಿಸಿ ಕೇಳು ಎಂದಳಂತೆ.

ಇವಳು ನಮ್ಮ ಶೆಡ್ಡಿನ ಹೆಣ್ಣುಮಕ್ಕಳನ್ನು ಆರಿಸಿಕೊಂಡಳು. ಅದು ಸರಿಯಾದ ಆಯ್ಕೆಯೇ. ಒಣಗಿದ ದ್ರಾಕ್ಷಿ ರಾಶಿ ಹಾಕಿಕೊಂಡು ಬೆಳಗಿನಿಂದ ಸಂಜೆ ತನಕ ಹಸಿರು ಬೇರೆ, ಹಳದಿ ಬೇರೆ, ಕಪ್ಪು ಬೇರೆ ಎಂದು ಆರಿಸುವವರು. ಹಳದಿಯಲ್ಲೇ ಮತ್ತೆ ಎರಡು ನಮೂನೆ ತೆಗೆಯುತ್ತಾರೆ. ನನಗೆ ಅವೆರಡೂ ಒಂದೇ ಕಾಣುತ್ತವೆ. ಮೊದಲು ನಾನೂ ಆರಿಸುತ್ತಿದ್ದೆ. ಕಣ್ಣಿನ ಪೊರೆ ತೆಗೆಯುವ ಮೋತಿಬಿಂದು ಆಪರೇಷನ್ ಆದ ಮೇಲೆ ಬಿಟ್ಟೆ.

ಶೆಡ್ಡು ಬಿಟ್ಟ ಮೇಲೆ ಒಬ್ಬೊಬ್ಬರಾಗಿ, ಇಬ್ಬಿಬ್ಬರಾಗಿ ನಮ್ಮ ಪಡಸಾಲೆಗೆ ಬಂದರು. ಕಂಪನಿಯವರು ಕಳಿಸಿದ ಅಗ್ಗದ ಫೋನು, ಎರಡು, ಒಂದೇ ನಮೂನೆಯವು. ಎರಡನ್ನೂ ನೆಲದ ಮೇಲೆ ಒಂದೊಂದು ಲೋಟಕ್ಕೆ ಒರಗಿಸಿ ಇಟ್ಟಿದ್ದಳು. ಎಡಗಡೆ ಪೂರಾ ಅಂಕಿಯದು, ಬಲಗಡೆ ಅರ್ಧ ಅಂಕಿಯದು. ಎರಡರಲ್ಲೂ ಒಂದೇ ಚಿತ್ರ: ಸಂಜೆಯ ಆಕಾಶ, ಗುಡ್ಡ, ಕೆಳಗೆ ಹರಿಯುವ ಹೊಳೆ, ಹೊಳೆಯಲ್ಲಿ ಒಂದು ದೋಣಿ. ಅವಳು ಕಂಪ್ಯೂಟರ್ ತೊಡೆಯ ಮೇಲಿಟ್ಟುಕೊಂಡು ಬಂದವರಿಗೆ ಎದುರಾಗಿ ಕೂತಿದ್ದಳು. ಅವಳಿಗೆ ಕಾಣುತ್ತಿದ್ದುದು ಅವರ ಮುಖ, ಫೋನಿನ ಬೆನ್ನು. ನಾನು ನನ್ನ ಕಾಟಿನ ಮೇಲೆ ಕೂತು ಚಹಾ ಯಾರಿಗೆ ಮುಟ್ಟಿತು, ಯಾರಿಗೆ ಮುಟ್ಟಲಿಲ್ಲ ನೋಡುತ್ತಿದ್ದೆ.

"ಕಾಕಿ, ಎರಡೂ ಸರಿಯಾಗಿ ನೋಡ್ರಿ. ಫರಕ್ ಏನರೆ ಕಾಣತೈತೇನು?"

ಕಾಕಿ ಎನಿಸಿಕೊಂಡವಳು ಬಾಗಿ ನೋಡಿದಳು. ಅವಳನ್ನು ಕಂಡರೆ ಆಗುವಷ್ಟು ಬೇಸರ ನನಗೆ ಊರಲ್ಲಿ ಬೇರೆ ಯಾರನ್ನು ಕಂಡರೂ ಆಗುವುದಿಲ್ಲ. ಬಾಯಿ ಬಲು ದೊಡ್ಡದು. ಅವಳು ಫೋನು ನೋಡಿದಳು, ನನ್ನ ಕಡೆ ನೋಡಿದಳು, ಮತ್ತೆ ಫೋನು ನೋಡಿದಳು.

"ಬರೊಬ್ಬರಿ ಐತ್ಯವಾ. ಎರಡೂ ಅವಳಿ ಜವಳಿ."

"ವೈನಿ, ನಿಮಗ?"

"ನನಗೂ ಬರೊಬ್ಬರಿ ಐತಿ. ಹೊಳಿ ಅಂದ್ರ ಹೊಳಿ. ದೋಣ್ಯಾಗ ಯಾರೂ ಇಲ್ಲಲಾ? ಎಲ್ಲಿ ಹೋದ್ರ ಅವರು?"

"ಮೀನ ಹಿಡ್ಯಾಕ ಹೋಗ್ಯಾರ."

"ದೋಣಿ ಇಲ್ಲೇ ಬಿಟ್ಟಾ? ಶಾಣ್ಯಾರದಾರ ಬಿಡು."

ಹೀಗೆ ನಗುತ್ತ, ಚಹಾ ಕುಡಿಯುತ್ತ ಎಲ್ಲರೂ ನೋಡಿ ಹೋದರು. ಎಲ್ಲರ ಉತ್ತರವೂ ಒಂದೇ: ಬರೊಬ್ಬರಿ ಐತಿ. ಕಡೆಗೆ ನನ್ನನ್ನೂ ಕೇಳಿದಳು. ಕಾಟಿನ ಮೇಲಿಂದಲೇ ನೋಡಿ ಒಂದೇ ಇವೆ ಎಂದೆ. ನನಗೆ ಹಾಗೇ ಕಂಡಿತ್ತು, ಹಾಗೇ ಹೇಳಿದೆ.

ಯಾರಿಗೂ ಫರಕ್ ಕಾಣಲಿಲ್ಲ ಎಂದು ಅವಳು ಅಂದೇ ಮ್ಯಾಡಮ್‌ಗೆ ಬರೆದು ಕಳಿಸಿದಳು. ಮರುದಿನ ಮಧ್ಯಾಹ್ನ ಮ್ಯಾಡಮ್ ಅದನ್ನು ದೊಡ್ಡವರ ಮುಂದೆ ಇಡುವವಳಿದ್ದಳು. ಅವರು ಹೂಂ ಎಂದರೆ ಕೆಲಸ ಪಸಂದು, ನೌಕರಿ ಕಾಯಂ. ಆ ಸಂಜೆ ಹುಡುಗಿ ಮಾಳಿಗೆಯಿಂದ ಹಾಡು ಗುನುಗುತ್ತ ಇಳಿದು ಬಂದದ್ದನ್ನು ಮೊದಲ ಸಲ ಕೇಳಿದೆ. ಸ್ವರ ಸುಮಾರು.

ಮರುದಿನ ಬೆಳಿಗ್ಗೆ ಜೋಳದ ಡಬ್ಬಿ ಹೊತ್ತುಕೊಂಡು ಹಿಟ್ಟಿನ ಗಿರಣಿಗೆ ಹೋದೆ. ಗಿರಣಿಯ ಸಪ್ಪಳದಲ್ಲಿ ಜನ ಕೂಗಿ ಮಾತಾಡುತ್ತಾರೆ, ಗಿರಣಿ ನಿಂತರೂ ಕೂಗುತ್ತಲೇ ಇರುತ್ತಾರೆ. ನಾನು ಬಾಗಿಲಿಗೆ ಬರುವುದಕ್ಕೂ ಬೆಲ್ಟು ಜಾರಿ ಗಿರಣಿ ನಿಲ್ಲುವುದಕ್ಕೂ ಸರಿಹೋಯಿತು. ಒಳಗೆ ಕಾಕಿಯ ದನಿ.

"ಎಡಗಡೇದು ನಮ್ಮ ಕೃಷ್ಣಾ ಹೊಳಿ ಹಂಗ ಸಾವಕಾಶ ಹರೀತಿತ್ತ ಬೇ. ಬಲಗಡೇದು? ಕುಡದಾವ ಮನೀಗೆ ಬಂದಂಗ! ಎರಡ ಹೆಜ್ಜಿ ಇಡತೈತಿ, ನಿಲ್ಲತೈತಿ, ಮತ್ತ ಧಡಕ್ ಅಂತ ಮುಂದ ಬೀಳತೈತಿ."

"ನಾನೂ ನೋಡೀನ್ರಿ. ನನಗ ನಗಿ ತಡಕೊಳ್ಳಾಕ ಆಗಲಿಲ್ಲ. ಅದಕ್ಕ ದೋಣಿ ಮಾತ ತಗದ್ಯಾ."

"ನಾ ಮೊದಲ ಬಂದಿದ್ಯಾ, ಆವಾಗ ಚಲೋ ಹರೀತಿತ್ತಲ್ರಿ?" ಎಂದು ಇನ್ನೊಬ್ಬಳು ಕೇಳಿದಳು.

"ನಿನ್ನ ಹೊತ್ತಿಗೆ ಇನ್ನಾ ಕುಡದಿರಲಿಲ್ಲ ಅದು."

ಎಲ್ಲರೂ ನಕ್ಕರು. ನಂತರ ನನ್ನನ್ನು ನೋಡಿದರು. ನಗು ಹಾಗೇ ನಿಂತಿತು.

ನಾನು ಡಬ್ಬಿ ಇಳಿಸಿದೆ. "ಮತ್ತ ನಿನ್ನಿ ಬರೊಬ್ಬರಿ ಐತಿ ಅಂದ್ರೆಲಾ?"

ಒಬ್ಬಳು ಸೆರಗಿನಿಂದ ಹಿಟ್ಟು ಕೊಡವಿಕೊಳ್ಳತೊಡಗಿದಳು. ಕಡೆಗೆ ಕಾಕಿಯೇ ಬಾಯಿ ತೆರೆದಳು.

"ಹೊಸಾ ಸೊಸಿ ಅಡಗಿ ಬಡಸಿ, ಹೆಂಗಾಗೇತ್ರಿ ಅಂತ ಕೇಳಿದ್ರ, ಉಪ್ಪ ಕಮ್ಮಿ ಆಗೇತಿ ಅಂತ ಯಾರರೆ ಅಂತಾರೇನ? ಅದೂ ಆಕಿ ಆಯಿ ಕಾಟಿನ ಮ್ಯಾಲ ಕುಂತ ಕಣ್ಣ ಬಿಡಾಕತ್ತಾಗ?"

"ಅದು ಅಡಗಿ ಅಲ್ಲ ಬೇ, ಆಕಿ ನೌಕರಿ."

"ನೌಕರಿ ಅಂತನ ಹಂಗ ಹೇಳಿದ್ವು. ಫರಕ್ ಇಲ್ಲ ಅಂದ್ರ ಆಕಿಗೆ ಚಲೋ ಆಗತೈತಿ ಅಂತ ನಿಮ್ಮ ಮೊಮ್ಮಗ ಶೆಡ್ಡಿಗೆ ಬಂದ ಹೇಳಿದ್ದ. ಆ ಹುಡುಗಿ ಪುಣೇಕ ಹೋದ್ರ ನಮಗ ಚಲೋ ಅನಸತೈತೇನ್ರಿ? ಕಾಕಿ, ವೈನಿ ಅಂತ ಬಾಯಿತುಂಬ ಕರದ ಚಹಾ ಕೊಡತಾಳ ಪಾಪ."

ಕೆಟ್ಟ ಬುದ್ಧಿಯಿಂದ ಮಾಡಿದ್ದಲ್ಲ. ನಮ್ಮ ಕಡೆ ಎಲ್ಲರ ಮನೆಯಲ್ಲೂ ಇದೇ ರೂಢಿ. ಹೊಸ ಸೊಸೆ ಮಾಡಿದ್ದಕ್ಕೆ ಹೊರಗಿನವರು ಹೆಸರಿಡಬಾರದು, ಕೊರತೆ ಎತ್ತಿ ಆಡಬಾರದು. ಹೆಸರಿಟ್ಟರೆ ಅವರು ಎದ್ದು ಹೋದ ಮೇಲೆ ಹುಡುಗಿಗೆ ಮನೆಯಲ್ಲಿ ಅನ್ನಿಸಿಕೊಳ್ಳುವುದು ಇರುತ್ತದೆ. ನಾನು ಸೊಸೆಯಾಗಿ ಬಂದಾಗ ಉಪ್ಪೇ ಹಾಕದ ಸಾರನ್ನು ನೆಂಟರು ಸುರಿದುಕೊಂಡು ಕುಡಿದು ಹೋಗಿದ್ದಾರೆ. ಆದರೆ ಸಾರು ಬೇರೆ, ಇದು ಬೇರೆ. ಡಬ್ಬಿ ಅಲ್ಲೇ ಬಿಟ್ಟು ಮನೆಗೆ ಬಂದೆ.

ಅವಳು ಹಲ್ಲುಜ್ಜುತ್ತ ನಿಂತಿದ್ದಳು. ಸುತ್ತಿ ಬಳಸಿ ಹೇಳುವುದು ನನಗೆ ಬರುವುದಿಲ್ಲ.

"ನಿನ್ನ ಹೊಳಿ ಕುಂಟತೈತಂತ. ಎಲ್ಲಾರೂ ನೋಡ್ಯಾರ. ನಿನಗ ಕೆಟ್ಟ ಅನಸಬಾರದಂತ ಸುಳ್ಳ ಹೇಳ್ಯಾರ."

ಬಾಯಿ ಮುಕ್ಕಳಿಸಿದಳು. ಎರಡೂ ಫೋನು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಹಚ್ಚಿಟ್ಟಳು. "ಎಷ್ಟ ಹೊತ್ತಿನ್ಯಾಗ ಕುಂಟತಿತ್ತಂತ?" ಎಂದು ಕೇಳಿದಳು. ಮೊದಲು ಬಂದವರಿಗೆ ಕಂಡಿಲ್ಲ, ಆಮೇಲೆ ಬಂದವರಿಗೆ ಕಂಡಿದೆ ಎಂದೆ. ಅವಳ ಮುಖದ ಬಣ್ಣ ಅಲ್ಲೇ ಇಳಿಯಿತು. ಕಾರಣ ಅವಳಿಗೆ ಆ ಮಾತಿನಲ್ಲೇ ಸಿಕ್ಕಿತ್ತು, ಹೊಳೆ ಕುಂಟುವ ಮೊದಲೇ.

ನಾನು ರೊಟ್ಟಿ ಬಡಿದೆ, ಅವಳು ಬೇಯಿಸಿದಳು. ಇಬ್ಬರೂ ಓರೆಗಣ್ಣಿನಿಂದ ಫೋನು ನೋಡುತ್ತಲೇ ಇದ್ದೆವು. ಎಡದ ಹೊಳೆ ಹರಿಯುತ್ತಿತ್ತು. ಬಲದ ಹೊಳೆಯೂ ಹರಿಯುತ್ತಿತ್ತು. ರೊಟ್ಟಿಯ ಬುಟ್ಟಿ ತುಂಬುವ ಹೊತ್ತಿಗೆ ಬಲದ ಹೊಳೆ ಒಮ್ಮೆ ತಡವರಿಸಿತು. ಆಮೇಲೆ ನಿಂತಿತು. ಆಮೇಲೆ ಒಂದು ತುಂಡು ನೀರು ಜಿಗಿದ ಹಾಗೆ ಮುಂದೆ ಬಂತು. ಹತ್ತಿರದಿಂದ ನೋಡಿದರೆ ನನ್ನ ಆಪರೇಷನ್ ಕಣ್ಣಿಗೂ ಕಾಣುವಷ್ಟು.

"ಯಾಕ ಹಂಗ?"

"ಆಟಾ ಸುರು ಆದಾಗಿಂದ ಎಷ್ಟ ಹೊತ್ತಾತು ಅಂತ ಒಂದ ಅಂಕಿ ಬೆಳಕೋತ ಹೋಗತೈತ್ರಿ. ನೀರಿನ ತೆರಿ ಮುಂದ ಸರಿಯೂದು ಅದರ ಮ್ಯಾಲ. ಸುರುವಿಗೆ ಆ ಅಂಕಿ ಸಣ್ಣದು, ಒಂದ ಚೂರ ಹೊತ್ತ ಕೂಡಿಸಿದ್ರೂ ಗೊತ್ತಾಗತೈತಿ. ಹೊತ್ತ ಹೋದಂಗ ಅದು ಗಾಡಿ ಆತು. ಅದರ ಮ್ಯಾಲ ಮೂಗುತಿ ಮೂಗುತಿ ಇಟ್ಟ ಹೊಂಟ್ರ ಗೊತ್ತ ಆಗೂದಿಲ್ಲ. ಹೊಳಿ ನಿಲ್ಲತೈತಿ. ಭಾಳ ಮೂಗುತಿ ಕೂಡಿದ ಮ್ಯಾಲ ಒಮ್ಮಿಗೆ ಜಿಗೀತೈತಿ."

"ಅದನ್ನ ಅರ್ಧಾ ಯಾಕ ಮಾಡತು ನಿನ್ನ ದುಭಾಷಿ?"

"ಕಡೀಕ ನೀರಿನ ಬಣ್ಣಕ್ಕ ಹೋಗೂ ಅಂಕಿ, ಬಣ್ಣಕ್ಕ ಅರ್ಧಾ ಸಾಕು ಅಂತ ತಿಳಕೊಂಡೇತಿ. ಹಂಗ ತಿಳಕೋ ಅಂತ ಕಲಿಸಿದಾಕಿ ನಾನ. ಕಡೀದು ಅಷ್ಟ ನೋಡೇನಿ, ನಡುವಿಂದು ನೋಡಿಲ್ಲ. ನಾ ದಿನಾ ಹಚ್ಚತಿದ್ಯಾ, ನೋಡತಿದ್ಯಾ, ಬಂದ್ ಮಾಡತಿದ್ಯಾ. ಇಷ್ಟ ಹೊತ್ತ ಎಂದೂ ಬಿಟ್ಟಿಲ್ಲ."

ಮೊಮ್ಮಗ ಸ್ನಾನ ಮುಗಿಸಿ ಬಂದ. ಅವನಿಗೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಫೋನು ನೋಡಿ ಹೇಳಿದ: "ಇವತ್ತ ಸುಮ್ಮನ ಇರು. ಮಧ್ಯಾಹ್ನ ಅವರು ಹೂಂ ಅನ್ನಲಿ, ಕಾಯಂ ಆಗಲಿ. ನಾಳೆ ಗಪ್ಪಚುಪ್ಪ ರಿಪೇರಿ ಮಾಡು. ಯಾರಿಗ ಗೊತ್ತಾಗತೈತಿ?"

"ಗಿರಣ್ಯಾಗ ಎಲ್ಲಾರಿಗೂ ಗೊತ್ತೈತಿ" ಎಂದೆ.

"ಆಯಿ, ಗಿರಣ್ಯಾನವರು ಕಂಪನಿಗೆ ಫೋನ್ ಮಾಡ್ತಾರೇನ?"

ಅವನ ಮಾತೂ ತಪ್ಪಲ್ಲ. ಹೆಂಡತಿ ಊರು ಬಿಟ್ಟು ಹೋಗಬಾರದು ಎನ್ನುವವನು ಇನ್ನೇನು ಹೇಳಿಯಾನು? ನಾನು ಯಾರ ಕಡೆಯೂ ಮಾತಾಡಲಿಲ್ಲ. ನೌಕರಿ ಅವಳದು.

ಅವಳು ಸುಟ್ಟ ರೊಟ್ಟಿಯನ್ನು ಪಕ್ಕಕ್ಕೆ ಇಟ್ಟಳು. "ಅವರು ಹೂಂ ಅಂದ ಕೂಡಲೆ ಇದು ಮಂದಿ ಫೋನಿಗೆ ಹೋಗತೈತಿ" ಎಂದಳು. "ಎಲ್ಲೋ ಯಾರೋ ಆಟಾ ಮಾಡಾಂವ ಕುಂತಿರ್ತಾನ. ಆಂವ ಬರದದ್ದು ಬರೊಬ್ಬರಿ ಐತಿ. ಆದ್ರೂ ಆಂವನ ಹೊಳಿ ನಿಲ್ಲತೈತಿ. ನನ್ನ ತಪ್ಪ ಎಲ್ಲೈತಿ, ಎಲ್ಲೈತಿ ಅಂತ ಹುಡುಕಿ ಹುಡುಕಿ ಸಾಯ್ತಾನ. ದುಭಾಷಿ ತಪ್ಪ ಹೇಳೇತಿ ಅಂತ ಆಂವಗ ಯಾರ ಹೇಳ್ತಾರ?"

ಅವಳು ಕೈ ತೊಳೆದುಕೊಂಡು ಮಾಳಿಗೆ ಹತ್ತಿದಳು.

ಮೇಲಿಂದ ಮಾತು ಕೇಳುತ್ತಿತ್ತು. ಹಿಂದಿ, ನಡುನಡುವೆ ಇಂಗ್ಲಿಷ್. ಮೊದಲು ಇವಳೇ ಮಾತಾಡಿದಳು. ಆಮೇಲೆ ಬಹಳ ಹೊತ್ತು ಬರೀ "ಜೀ ಮ್ಯಾಡಮ್, ಜೀ ಮ್ಯಾಡಮ್." ಆಮೇಲೆ ಅರ್ಧ ಮೆಟ್ಟಿಲು ಇಳಿದು ಬಂದು ಫೋನು ಎದೆಗೆ ಒತ್ತಿಕೊಂಡು ಪಿಸುಗುಟ್ಟಿದಳು.

"ಆಯಿ, ಅವರು ಯಾಕ ಸುಳ್ಳ ಹೇಳಿದ್ರು ಅಂತ ಕೇಳಾಕತ್ತಾರ. ಸೊಸಿ ಅಡಗಿಗೆ ಹೆಸರ ಇಡಬಾರದು ಅನ್ನೂದನ್ನ ಇಂಗ್ಲಿಷಿನ್ಯಾಗ ಹೆಂಗ ಹೇಳೂದ್ರಿ?"

"ನನ್ನ ಕೇಳತಿ? ಹಿಂದಿ ಒಳಗ ಹೇಳು."

ಹೇಳಿದಳೋ ಬಿಟ್ಟಳೋ ಗೊತ್ತಿಲ್ಲ. ಕೆಳಗೆ ಬಂದಾಗ ಕಣ್ಣು ಒಣಗಿಯೇ ಇದ್ದವು. ಅವಳು ಅಳುವವಳಲ್ಲ. ಆದರೆ ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೆಗೆದು ಉಜ್ಜತೊಡಗಿದಳು. ಮಧ್ಯಾಹ್ನ ತೋರಿಸುವುದು ರದ್ದು. ತಪ್ಪು ತಿದ್ದಿ, ಜನರಿಗೆ ಮತ್ತೆ ತೋರಿಸಿ, ಈ ಸಲ ನಂಬುವಂಥ ಉತ್ತರ ತರಬೇಕು. ಕಾಯಂ ಮಾಡುವ ಮಾತು ಅಲ್ಲಿಯ ತನಕ ಇಲ್ಲ. ಈ ಸಲವೂ ಕೆಟ್ಟರೆ ಆ ಮಾತೇ ಇಲ್ಲ. ಪಾತ್ರೆ ಕಸಿದುಕೊಂಡೆ. "ಕಲಾಯಿ ಹೋಗತೈತಿ, ಬಿಡು. ಮ್ಯಾಲ ಹೋಗಿ ಮಾಡೂದ ಮಾಡು."

ತಪ್ಪು ತಿದ್ದುವುದು ಅವಳಿಗೆ ಕಷ್ಟವಾಗಲಿಲ್ಲ. ದುಭಾಷಿ ಈಗ ಅಂಕಿ ಕಡೆಗೆ ಎಲ್ಲಿಗೆ ಹೋಗುತ್ತದೆ ಎಂದಷ್ಟೇ ನೋಡುವುದಿಲ್ಲ, ಅದು ಎಷ್ಟು ದೊಡ್ಡದಾಗಿ ಬೆಳೆದೀತು ಎಂದೂ ನೋಡುತ್ತದೆ. ಬೆಳೆಯುವಂಥದ್ದಾದರೆ ಪೂರಾ ಇಡುತ್ತದೆ. ಕಷ್ಟವಾದದ್ದು ಜನರಿಂದ ನಿಜ ಹೊರಡಿಸುವುದು. ನಾನು ಹೇಳಿದೆ, "ಎಲ್ಲಾರನೂ ಕರದ ಒಂದ ಸಲಾ ಜೋರ ಮಾಡತೇನಿ, ಖರೇ ಹೇಳ್ರಿ ಅಂತ." ಅವಳು ನಕ್ಕಳು. "ನೀವ ಜೋರ ಮಾಡಿದ್ರ ಮುಗದ ಹೋತು. ಫರಕ್ ಇಲ್ಲದಿದ್ರೂ ಐತಿ ಅಂತಾರ."

ಆಮೇಲೆ ಅವಳು ಗಂಡನ ಜೊತೆ ಶೆಡ್ಡಿಗೆ ಹೋಗಿ ಒಂದು ದಿನ ಅವರ ಜೊತೆ ಕೂತು ದ್ರಾಕ್ಷಿ ಆರಿಸಿ ಬಂದಳು. ಬಂದವಳೇ ಹೇಳಿದಳು, "ನಾ ಕೇಳಿದ್ದ ತಪ್ಪ, ಆಯಿ. ಹೆಂಗೈತಿ ಅಂತ ಕೇಳಬಾರದು. ಆರಿಸ್ರಿ ಅನ್ನಬೇಕು."

ಈ ಸಲ ಮೂರು ಫೋನು, ಅಂಥದೇ ಇನ್ನೊಂದನ್ನು ಕಂಪನಿಯಿಂದ ತರಿಸಿದ್ದಳು. ಎರಡರಲ್ಲಿ ಒಂದೇ ನಮೂನೆಯ ಚಿತ್ರ, ಒಂದರಲ್ಲಿ ಬೇರೆ. ಯಾವುದು ಬೇರೆ ಎಂದು ಅವಳಿಗೂ ಗೊತ್ತಿಲ್ಲ. ಮೊಮ್ಮಗ ಮಾಳಿಗೆಯಲ್ಲಿ ಅದಲು ಬದಲು ಮಾಡಿ, ಬೆನ್ನಿಗೆ ಗುರುತು ಹಚ್ಚಿ, ಕೆಳಗೆ ಕಳಿಸುತ್ತಾನೆ. ಬೆಳಿಗ್ಗೆಯಿಂದ ಚಾರ್ಜಿಗೆ ಹಾಕಿ ಹಚ್ಚಿಟ್ಟ ಫೋನುಗಳು, ಆದ್ದರಿಂದ ಹೊಳೆ ಕುಂಟುವುದಿದ್ದರೆ ಕುಂಟಿಯೇ ಕುಂಟುತ್ತದೆ.

ಹೆಣ್ಣುಮಕ್ಕಳು ಬಂದರು. ಕಾಕಿ ಬಾಗಿಲಲ್ಲೇ ನಿಂತು, "ಆಯಿ ಇಲ್ಲೇ ಕುಂದರತಾರೇನ?" ಎಂದಳು.

"ನನ್ನ ಮನಿ, ನಾ ಎಲ್ಲಿ ಹೋಗಲಿ?"

"ಇರ್ಲಿ ಬಿಡ್ರಿ. ಕಾಕಿ, ಈ ಸಲಾ ಚಲೋ ಕೆಟ್ಟ ಏನೂ ಹೇಳೂದಿಲ್ಲ. ಮೂರರಾಗ ಒಂದ ಬ್ಯಾರೆ ಐತಿ. ಅದನ್ನ ಆರಿಸಿ ನನ್ನ ಕೈಯಾಗ ಕೊಡ್ರಿ, ಅಷ್ಟ."

"ನಿನಗ ಯಾವದ ಬೇಕ ತಂಗಿ, ಹೇಳು, ಅದನ್ನ ಆರಸ್ತೇವಿ."

"ನನಗೂ ಗೊತ್ತಿಲ್ರಿ."

ಕಾಕಿ ಪೆಚ್ಚಾದಳು. ಒಳ್ಳೆಯತನ ತೋರಿಸಲು ದಾರಿಯೇ ಇರಲಿಲ್ಲ. ಎಲ್ಲರೂ ಶೆಡ್ಡಿನಲ್ಲಿ ಕೂಡುವ ಹಾಗೆ ಚಕ್ಕಳಮಕ್ಕಳ ಹಾಕಿ ಕೂತರು.

ಮೊದಲು ಹಳೆಯ ಕುಂಟು ಹೊಳೆಯನ್ನೇ ಒಂದು ಫೋನಿನಲ್ಲಿಟ್ಟು ಕೊಟ್ಟಿದ್ದರು, ಇವರ ಕಣ್ಣು ಹಿಡಿಯುತ್ತದೋ ಇಲ್ಲವೋ ನೋಡಲು. ನೋಡುವಷ್ಟೂ ತಡವಾಗಲಿಲ್ಲ. ಎಲ್ಲರೂ ಅದನ್ನೇ ಎತ್ತಿ ಕೊಟ್ಟರು. "ಕುಡುಕ ಬಂದ!" ಎಂದು ಒಬ್ಬಳು ನಕ್ಕಳು. ಆಮೇಲೆ ಮೊಮ್ಮಗ ತಿದ್ದಿದ್ದನ್ನು ಹಚ್ಚಿ, ಹೊಳೆ ಕುಂಟುವಷ್ಟು ಹೊತ್ತು ಓಡಿಸಿ ಕಳಿಸಿದ. ಎರಡು ಫೋನಿನಲ್ಲಿ ತಿದ್ದಿದ ಅರ್ಧ ಅಂಕಿ, ಒಂದರಲ್ಲಿ ಪೂರಾ ಅಂಕಿ. ಈಗ ಗದ್ದಲ ಶುರುವಾಯಿತು. ಒಬ್ಬಳು ಇದು ಎಂದಳು, ಇನ್ನೊಬ್ಬಳು ಅದು ಎಂದಳು. ಆಕಾಶ ಕೆಂಪು ಜಾಸ್ತಿ ಎಂದು ಒಬ್ಬಳು, ಗುಡ್ಡ ದಪ್ಪಗಿದೆ ಎಂದು ಒಬ್ಬಳು. ಮೊಮ್ಮಗ ಅದಲು ಬದಲು ಮಾಡಿ ಮತ್ತೆ ಕೊಟ್ಟರೆ, ಕೆಂಪು ಎಂದವಳೇ ಬೇರೆಯದನ್ನು ಕೆಂಪು ಎಂದಳು. ಕಣ್ಣಿಗೆ ಸಿಗುವ ಫರಕ್ ಇಲ್ಲ ಎಂದು ನನಗೂ ತಿಳಿಯಿತು. ಹುಡುಗಿಯ ಮುಖ ಸಡಿಲಾಯಿತು.

ಆದರೆ ಕಾಕಿ ತಪ್ಪಲಿಲ್ಲ. ಮೂರನ್ನೂ ಮಡಿಲಲ್ಲಿ ಹಾಕಿಕೊಂಡು, ಒಂದೊಂದನ್ನೇ ಎತ್ತಿ, "ಇದು" ಎಂದು ಕೊಟ್ಟಳು. ಸರಿ ಇತ್ತು. ಅದಲು ಬದಲು ಮಾಡಿದರು. "ಇದು." ಮತ್ತೆ ಸರಿ. ಮತ್ತೆ ಮಾಡಿದರು. ಮತ್ತೆ ಸರಿ.

ಹುಡುಗಿಯ ದನಿ ಕುಸಿಯಿತು. "ಕಾಕಿ, ನಿಮಗ ಏನ ಫರಕ್ ಕಾಣಾಕತ್ತೇತಿ? ನೀರಿನ್ಯಾಗೋ, ಆಕಾಶದಾಗೋ?"

"ಕಾಣೂದೇನ ಬಂತ ಬೇ? ನಾ ನೋಡೇ ಇಲ್ಲ. ಇದು ಕಾವ ಹತ್ತೇತಿ, ಈ ಎರಡೂ ತಣ್ಣಗದಾವು."

ಹುಡುಗಿ ಮೂರೂ ಫೋನು ಒಂದೊಂದಾಗಿ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಪೂರಾ ಅಂಕಿಯದು ಬೆಚ್ಚಗಿತ್ತು. ಅರ್ಧ ಅಂಕಿಯವು ಎರಡೂ ತಣ್ಣಗೆ. ಅವಳು ನಗಲು ಶುರು ಮಾಡಿದಳು, ಗೋಡೆಗೆ ಒರಗಿ, ಉಸಿರು ಸಿಗದ ಹಾಗೆ. ಉಳಿದವರಿಗೆ ಯಾಕೆಂದು ತಿಳಿಯದಿದ್ದರೂ ನಕ್ಕರು. "ಏನ ತಪ್ಪ ಮಾಡೇನಿ ಮತ್ತ?" ಎಂದು ಕಾಕಿ ಗಾಬರಿಯಾದಳು.

"ಇಲ್ರಿ ಕಾಕಿ. ತಣ್ಣಗ ಮಾಡಾಕಂತನ ಇಷ್ಟೆಲ್ಲಾ ಮಾಡಿದ್ದು."

ಇದೆಲ್ಲವನ್ನೂ ಹಾಗೇ ಬರೆದು ಕಳಿಸಿದಳು, ಕಾಕಿಯ ಮಡಿಲಿನ ಸಮೇತ. ಮ್ಯಾಡಮ್ ಕೂಡಲೇ ಏನೂ ಹೇಳಲಿಲ್ಲ. ಶೆಡ್ಡಿನ ಕೊನೆಯ ದ್ರಾಕ್ಷಿಯ ಪೆಟ್ಟಿಗೆ ಕಟ್ಟಿ ಕಳಿಸಿದ ಮೇಲೂ ಉತ್ತರ ಇಲ್ಲ. ಹುಡುಗಿ ಅನ್ನ ತಿನ್ನುವಾಗಲೂ ಫೋನು ನೋಡುತ್ತಿದ್ದಳು. ಮೊಮ್ಮಗ ಪುಣೆಯ ಬಸ್ಸಿನ ವೇಳೆ ಕೇಳಿಕೊಂಡು ಬಂದಿದ್ದ, ನನಗೆ ಹೇಳಲಿಲ್ಲ. ಸಾಂಗಲಿ ಮೇಲಿಂದ ಹೋಗುತ್ತದೆಂದು ಯಾರೊಂದಿಗೋ ಫೋನಿನಲ್ಲಿ ಆಡಿದ್ದು ಕೇಳಿದೆ.

ಕಡೆಗೆ ಉತ್ತರ ಬಂತು. ಪೂರ್ತಿ ಪಸಂದಾಗಿರಲಿಲ್ಲ. ಹೊತ್ತಿನ ಅಂಕಿ, ಜಾಗದ ಅಂಕಿ ಎಂದೂ ಮುಟ್ಟಬಾರದು, ಸಂಶಯ ಬಂದರೆ ಪೂರಾ ಇಡಬೇಕು ಎಂದು ದೊಡ್ಡವರು ಕಟ್ಟು ಹಾಕಿದರಂತೆ. ಅವಳು ಅಂಕಿ ಅರ್ಧ ಮಾಡಿ ಉಳಿಸಿದ್ದರಲ್ಲಿ ಬಹಳಷ್ಟು ಹಾಗೇ ಹೋಯಿತು. ಉಳಿದದ್ದನ್ನು ಇಟ್ಟುಕೊಂಡರು. ಅವಳನ್ನೂ ಇಟ್ಟುಕೊಂಡರು. ಕಾಯಂ.

ಅವಳು ಬಂದು ನನ್ನ ಕಾಲಿಗೆ ಬಿದ್ದಳು. "ಎದ್ದೇಳು, ಸೊಂಟಾ ಹಿಡದೀತು" ಎಂದೆ. ಅವಳು ಎದ್ದು ಅಪ್ಪನಿಗೆ ಫೋನು ಮಾಡಿ ಮರಾಠಿಯಲ್ಲಿ ಒಂದೇ ಉಸಿರಿನಲ್ಲಿ ಹೇಳಿದಳು. ಆ ಕಡೆಯಿಂದ ಅವನ ದೊಡ್ಡ ನಗು ಪಡಸಾಲೆಯ ತನಕ ಕೇಳಿತು.

ಅದಾಗಿ ವಾರ ಕಳೆದಿರಲಿಲ್ಲ. ಸೊಸೆಯಾಗಿ ಬಂದಾಗಿನಿಂದ ಏನನ್ನೂ ಕೇಳದಿದ್ದ ಹುಡುಗಿ ಸೊಂಟದ ಮೇಲೆ ಕೈಯಿಟ್ಟು ನನ್ನ ಮುಂದೆ ನಿಂತಳು.

"ಆಯಿ, ಮಾಳಿಗಿ ಮ್ಯಾಲ ತಗಡಿನ ಪತ್ರಾಸ ಕಾದ ತಲಿ ಸುಡತೈತಿ. ನನಗ ಕುಂತ ಕೆಲಸಾ ಮಾಡಾಕ ಕೆಳಗಿನ ಜ್ವಾಳದ ಕೋಲಿ ಬೇಕು."

"ಜ್ವಾಳಾ ಎಲ್ಲಿ ಇಡೂದು? ನಿನ್ನ ತಲಿ ಮ್ಯಾಲ?"

"ಮಾಳಿಗಿ ಮ್ಯಾಲ ಇಡ್ರಿ. ಜ್ವಾಳಕ್ಕ ಬಿಸಲ ಹತ್ತಿದ್ರ ಹುಳಾ ಬೀಳೂದಿಲ್ಲ."

"ನಾ ಇರೂ ತನಾ ಆ ಕೋಲಿ ಬಿಡೂದಿಲ್ಲ."

"ನಾನೂ ಇರೂ ತನಾ ಕೇಳ್ತೇನಿ. ಇನ್ನ ನಾ ಎಲ್ಲೂ ಹೋಗೂದಿಲ್ಲಲಾ."

ಎರಡು ದಿನ ಇಬ್ಬರೂ ಮಾತು ಬಿಟ್ಟೆವು. ಮೂರನೆಯ ದಿನ ಮೊಮ್ಮಗ ಶೆಡ್ಡಿನ ಆಳು ಕರೆದುಕೊಂಡು ಬಂದು ಚೀಲ ಮಾಳಿಗೆಗೆ ಸಾಗಿಸಿದ. ನಾನು ಎದುರಿಗೆ ಕೂತು ಯಾವ ಚೀಲ ಯಾವ ಗೋಡೆಗೆ ಎಂದು ಕೂಗುತ್ತಿದ್ದೆ. ಕೋಣೆ ಖಾಲಿಯಾದ ಮೇಲೆ ನೋಡಿದರೆ ಕೆಳಗಿನ ಚೀಲ ಇದ್ದ ಮೂಲೆಯಲ್ಲಿ ಕೈ ತೂರುವಷ್ಟು ದೊಡ್ಡ ಇಲಿಯ ಬಿಲ. ಅವಳೇ ಸೀರೆ ಎತ್ತಿ ಕಟ್ಟಿ, ಸಿಮೆಂಟು ಕಲಸಿ, ಅದನ್ನು ಮುಚ್ಚಿದಳು.